ಚಕ್ರದ ಮೇಲಿನ ತಂಗಳುಪೆಟ್ಟಿಗೆ

ಅಮೆರಿಕದ ಹೆದ್ದಾರಿಗಳಲ್ಲಿ ಮನೆಯೇ ಪ್ರಯಾಣ ಹೊರಡುವುದುಂಟು. ಬಸ್ಸಿನಷ್ಟು ಉದ್ದದ ವಾಹನ. ಅದರೊಳಗೆ ಮಲಗುವ ಕೋಣೆ, ಸ್ನಾನದ ಮನೆ, ಅಡುಗೆಕಟ್ಟೆ, ಊಟದ ಮೇಜು. ಇದಕ್ಕೆ ಅಲ್ಲಿ ಮೋಟರ್‌ಹೋಮ್ ಎಂದು ಹೆಸರು. 1966ರಲ್ಲಿ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಸಣ್ಣ ಪಟ್ಟಣದ ವಿನ್ನೆಬೇಗೊ ಕಾರ್ಖಾನೆಯು ಇಂತಹ ವಾಹನಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಬಳಿಕ ಅವು ಮಧ್ಯಮ ವರ್ಗದವರ ಅಂಗಳಕ್ಕೂ ಬಂದವು. ಚಳಿಗಾಲ ಬಂತೆಂದರೆ ಉತ್ತರದ ಹಿಮಪ್ರದೇಶಗಳನ್ನು ತೊರೆದು ದಕ್ಷಿಣದ ಬಿಸಿಲ ನಾಡಿಗೆ ಇಳಿಯುವ ನಿವೃತ್ತ ದಂಪತಿಗಳಿಗೆ ಅಲ್ಲಿ ‘ಹಿಮದ ಹಕ್ಕಿಗಳು’ ಎಂಬ ಅಡ್ಡಹೆಸರೇ ಇದೆ.

ಈ ಹಕ್ಕಿಗಳು ಗೂಡಿನ ಜೊತೆಗೆ ಒಂದು ದೊಡ್ಡ ಪೆಟ್ಟಿಗೆಯನ್ನೂ ಹೊತ್ತು ತಿರುಗುತ್ತವೆ. ಅದೇ ಫ್ರಿಜ್, ಕನ್ನಡದ ಹಿರಿಯರು ಚುಚ್ಚಿ ಇಟ್ಟ ಹೆಸರಿನಲ್ಲಿ ಹೇಳುವುದಾದರೆ, ತಂಗಳುಪೆಟ್ಟಿಗೆ. ಹಿಂದೆ ಇಂತಹ ವಾಹನಗಳಿಗೆಂದೇ ತಯಾರಾದ ಸಣ್ಣ ಫ್ರಿಜ್‌ಗಳಿದ್ದವು. ಈಚಿನ ವರ್ಷಗಳಲ್ಲಿ ದೊಡ್ಡ ವಾಹನಗಳಿಗೆ ಮನೆಯಲ್ಲಿ ಬಳಸುವ ಫ್ರಿಜ್ಜನ್ನೇ ತಂದು ಕೂರಿಸುವುದು ರೂಢಿಯಾಗಿದೆ. ಗೋಡೆಯ ಸಾಕೆಟ್ಟಿನಿಂದ ಹಗಲಿರುಳೂ ವಿದ್ಯುತ್ ಬರುತ್ತಲೇ ಇರುತ್ತದೆ ಎಂದು ನಂಬಿ ರೂಪಿಸಿದ ಯಂತ್ರವನ್ನು, ತಂತಿಯೇ ಇಲ್ಲದ ದಾರಿಯಲ್ಲಿ ನಡೆಸುವುದು ಹೇಗೆ? ಮೇಲ್ನೋಟಕ್ಕೆ ಇದು ಉಳ್ಳವರ ವಿಲಾಸದ ಸಮಸ್ಯೆ. ಆದರೆ ಆಷಾಢದ ಗಾಳಿಮಳೆಗೆ ಮರ ಉರುಳಿ, ಕಂಬ ಮುರಿದು, ದಿನಗಟ್ಟಲೆ ಕರೆಂಟಿನ ಮುಖ ಕಾಣದ ಮಲೆನಾಡಿನ ಮನೆಯೂ ಇದೇ ಪ್ರಶ್ನೆಯನ್ನು ಎದುರಿಸುತ್ತದೆ. ಆ ಮನೆಯ ಫ್ರಿಜ್ಜಿನಲ್ಲಿ ಹಾಲು, ಮೊಸರಿನ ಜೊತೆಗೆ ಮನೆಯ ಹಿರಿಯರೊಬ್ಬರ ಇನ್ಸುಲಿನ್ ಕೂಡ ಇರಬಹುದು. ಆದ್ದರಿಂದ ದೂರದ ಆ ಪ್ರಯಾಣಿಕರ ಲೆಕ್ಕವನ್ನು ಒಮ್ಮೆ ಕೂತು ನೋಡುವುದು ವ್ಯರ್ಥವಲ್ಲ.

ಮೊದಲಿಗೆ ಹಳೆಯ ಕ್ರಮ. 1922ರಲ್ಲಿ ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಇಬ್ಬರು ತರುಣ ವಿದ್ಯಾರ್ಥಿಗಳಾದ ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಉರಿಯಿಂದಲೇ ತಂಪನ್ನು ಹುಟ್ಟಿಸುವ ಪೆಟ್ಟಿಗೆಯನ್ನು ರೂಪಿಸಿದರು. ಭದ್ರವಾಗಿ ಮುಚ್ಚಿದ ಕೊಳವೆಗಳೊಳಗೆ ಅಮೋನಿಯಾ, ನೀರು ಮತ್ತು ಜಲಜನಕ. ಕೆಳಗೆ ಸಣ್ಣ ಜ್ವಾಲೆ ಹೊತ್ತಿಸಿದರೆ ನೀರಿನಲ್ಲಿ ಕರಗಿದ್ದ ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ತಣಿದು ದ್ರವವಾಗುತ್ತದೆ, ಜಲಜನಕದ ಸಹವಾಸದಲ್ಲಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರುತ್ತದೆ, ಕೊನೆಗೆ ನೀರಿನಲ್ಲಿ ಕರಗಿ ಮೊದಲಿನ ಜಾಗಕ್ಕೇ ಮರಳುತ್ತದೆ. ಇದರಲ್ಲಿ ತಿರುಗುವ ಚಕ್ರವಿಲ್ಲ, ಮೋಟಾರಿಲ್ಲ, ಸದ್ದಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಕೊಳವೆಗಳ ಈ ಸುತ್ತನ್ನು ಒಮ್ಮೆ ಚಿತ್ರ ಬರೆದು ನೋಡಬೇಕು. ಅಡುಗೆ ಅನಿಲದಂತಹ ಪ್ರೊಪೇನ್ ಸಿಲಿಂಡರೊಂದಿದ್ದರೆ ಕಾಡಿನ ನಡುವೆಯೂ ಇದು ತಂಪು ಕೊಡುತ್ತದೆ. ದಶಕಗಳ ಕಾಲ ಮೋಟರ್‌ಹೋಮ್‌ಗಳನ್ನು ಆಳಿದ್ದು ಈ ಬಗೆಯ ಫ್ರಿಜ್.

ಆದರೆ ಇದಕ್ಕೆ ತನ್ನದೇ ಕುಂದುಗಳಿವೆ. ಒಳಗಿನ ದ್ರವ ತನ್ನ ಭಾರದಿಂದಲೇ ಇಳಿದು ಹರಿಯಬೇಕಾದ್ದರಿಂದ ವಾಹನ ಸಮತಟ್ಟಾದ ನೆಲದಲ್ಲಿ ನಿಂತಿರಬೇಕು. ಕೆಲವೇ ಡಿಗ್ರಿ ವಾಲಿದ ಸ್ಥಿತಿಯಲ್ಲಿ ಬಹುಹೊತ್ತು ನಡೆಸಿದರೆ ದ್ರವ ಒಂದೆಡೆ ನಿಂತು, ಕೊಳವೆ ವಿಪರೀತ ಕಾದು ಕೆಡುತ್ತದೆ. ಮರುಭೂಮಿಯ ಸೆಕೆಯಲ್ಲಿ ತಂಪು ಸಾಲದು. ಶಕ್ತಿಯ ಲೆಕ್ಕದಲ್ಲಿಯೂ ಇದು ದುಬಾರಿ. ಒಂದಿಷ್ಟು ಶಾಖವನ್ನು ಹೊರಹಾಕಲು ಅದರ ಹಲವು ಪಟ್ಟು ಶಾಖವನ್ನು ಉರಿಸಬೇಕು. ಕುದಿಕೊಳವೆ ಬಿರುಕುಬಿಟ್ಟು ಬೆಂಕಿ ಹೊತ್ತುವ ಅಪಾಯವಿದೆಯೆಂಬ ಕಾರಣಕ್ಕೆ 2006ರಲ್ಲಿ ಅಮೆರಿಕದಲ್ಲಿ ಇಂತಹ ಲಕ್ಷಗಟ್ಟಲೆ ಫ್ರಿಜ್‌ಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಮನೆಯ ಕಂಪ್ರೆಸರ್ ಫ್ರಿಜ್‌ನತ್ತ ಜನ ಒಲಿದದ್ದರ ಹಿಂದೆ ಈ ಕಾರಣಗಳೆಲ್ಲ ಇವೆ. ಅದು ಗಾತ್ರದಲ್ಲಿ ದೊಡ್ಡದು, ತಂಪು ಕೊಡುವುದರಲ್ಲಿ ಚುರುಕು, ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥದು, ಬೆಲೆಯಲ್ಲಿಯೂ ಅಗ್ಗ. ಆದರೆ ಸಿಲಿಂಡರಿನ ಬದಲು ಅದು ವಿದ್ಯುತ್ತನ್ನು ಕೇಳುತ್ತದೆ. ಲೆಕ್ಕ ಶುರುವಾಗುವುದು ಇಲ್ಲಿಂದ.

ಅಮೆರಿಕದ ಮನೆಗಳಲ್ಲಿರುವ ಸುಮಾರು 500 ಲೀಟರಿನ ಫ್ರಿಜ್ ವರ್ಷಕ್ಕೆ 600 ಯೂನಿಟ್ ವಿದ್ಯುತ್ ಬಳಸುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 1.6 ಯೂನಿಟ್ ಆಯಿತು. ವ್ಯಾಟ್ ಎಂಬುದು ತೋಡಿನಲ್ಲಿ ನೀರು ಹರಿಯುವ ರಭಸವಿದ್ದಂತೆ. ಯೂನಿಟ್ ಎಂಬುದು ದಿನದ ಕೊನೆಗೆ ತೊಟ್ಟಿಯಲ್ಲಿ ತುಂಬಿದ ನೀರಿದ್ದಂತೆ. 1000 ವ್ಯಾಟ್ ರಭಸದಲ್ಲಿ ಒಂದು ಗಂಟೆ ಹರಿದರೆ ಒಂದು ಯೂನಿಟ್. ಫ್ರಿಜ್ಜಿನ ಹರಿವು ಸಾಮಾನ್ಯವಾಗಿ 100ರಿಂದ 200 ವ್ಯಾಟ್ ಮಾತ್ರ. ಆದರೆ ಕಂಪ್ರೆಸರ್ ಎದ್ದು ನಿಲ್ಲುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಮಂಜುಗಟ್ಟದ ಬಗೆಯ ಫ್ರಿಜ್ ಆಗಿದ್ದರೆ, ಒಳಗೆ ಕೂತ ಹಿಮವನ್ನು ಕರಗಿಸಲು ಸಣ್ಣದೊಂದು ಕಾಯಿಲ್ ಆಗಾಗ ನಾಲ್ಕೈದು ನೂರು ವ್ಯಾಟ್ ಉರಿಯುತ್ತದೆ. ತಂಪು ಮಾಡುವ ಪೆಟ್ಟಿಗೆ ತನ್ನನ್ನು ತಾನೇ ಬಿಸಿ ಮಾಡಿಕೊಳ್ಳುವ ಈ ವೈಚಿತ್ರ್ಯವನ್ನು ಮನೆಯಲ್ಲಿ ಯಾರೂ ಗಮನಿಸುವುದಿಲ್ಲ. ಬ್ಯಾಟರಿಯ ಮೇಲೆ ಬದುಕುವವರು ಗಮನಿಸುತ್ತಾರೆ.

ವಾಹನದ ಬ್ಯಾಟರಿಯಲ್ಲಿರುವುದು 12 ವೋಲ್ಟಿನ ನೇರ ವಿದ್ಯುತ್. ಫ್ರಿಜ್ಜಿಗೆ ಬೇಕಾದದ್ದು ಮನೆಯ ತಂತಿಯಲ್ಲಿ ಬರುವ ಪರ್ಯಾಯ ವಿದ್ಯುತ್. ಅಮೆರಿಕದಲ್ಲಿ ಅದು 120 ವೋಲ್ಟ್. ಒಂದನ್ನು ಇನ್ನೊಂದಾಗಿ ಬದಲಿಸುವ ಯಂತ್ರವೇ ಇನ್ವರ್ಟರ್. ಬದಲಿಸುವಾಗ ಅದು ಹತ್ತರಲ್ಲಿ ಒಂದು ಪಾಲನ್ನು ಶಾಖವಾಗಿ ಕಳೆಯುತ್ತದೆ. ಹಾಗಾಗಿ 1.6 ಯೂನಿಟ್ ಕೊಡಲು ಬ್ಯಾಟರಿಯಿಂದ ಸುಮಾರು 1.8 ಯೂನಿಟ್ ತೆಗೆಯಬೇಕು. ಇಷ್ಟಕ್ಕೇ ಮುಗಿಯಲಿಲ್ಲ. ಫ್ರಿಜ್ ನಿದ್ದೆಯಲ್ಲಿದ್ದಾಗಲೂ ಇನ್ವರ್ಟರ್ ಎಚ್ಚರವಾಗಿರಬೇಕು. ಆ ಎಚ್ಚರಕ್ಕೆ ದೊಡ್ಡ ಇನ್ವರ್ಟರಿನಲ್ಲಿ 25 ವ್ಯಾಟ್ ಖರ್ಚಾಗುತ್ತದೆ ಎಂದುಕೊಂಡರೂ 24 ಗಂಟೆಗೆ 0.6 ಯೂನಿಟ್. ಕಣಜ ಕಾಯಲು ಇಟ್ಟ ಆಳು ಕಣಜದ ಭತ್ತವನ್ನೇ ಉಂಡಂತೆ! ಒಟ್ಟು ಲೆಕ್ಕ ದಿನಕ್ಕೆ 2.4 ಯೂನಿಟ್ ಆಯಿತು. ಅಂಗಡಿಯ ಚೀಟಿಯಲ್ಲಿ 1.6 ಎಂದಿದ್ದುದು ದಾರಿಯಲ್ಲಿ ಒಂದೂವರೆ ಪಟ್ಟಾದ ಬಗೆ ಇದು.

ಈ 2.4 ಯೂನಿಟ್‌ಗಳನ್ನು ಕೂಡಿಡುವುದು ಎಲ್ಲಿ? 12 ವೋಲ್ಟಿನ ಲೆಕ್ಕದಲ್ಲಿ ಇದು ಸುಮಾರು 200 ಎಎಚ್, ಅಂದರೆ 200 ಆಂಪಿಯರ್-ಗಂಟೆ. ಸೀಸ-ಆಮ್ಲದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಆದ್ದರಿಂದ 200 ಎಎಚ್ ಬಳಸಬೇಕಾದರೆ 400 ಎಎಚ್ ಇಟ್ಟುಕೊಳ್ಳಬೇಕು. ಅಲ್ಲಿನವರು ಸಾಮಾನ್ಯವಾಗಿ ಬಳಸುವ 6 ವೋಲ್ಟಿನ, 225 ಎಎಚ್ ಬ್ಯಾಟರಿಗಳು ನಾಲ್ಕು ಬೇಕು. ಒಂದೊಂದು ಸುಮಾರು 28 ಕಿಲೋ ತೂಗುವುದರಿಂದ ಒಟ್ಟು ಭಾರ ಒಂದು ಕ್ವಿಂಟಲಿಗೂ ಮಿಗಿಲು. ಇಷ್ಟೆಲ್ಲ ಹೊತ್ತು ತಂದರೂ ಅದು ಬಿಸಿಲಿಲ್ಲದ ಒಂದೇ ದಿನಕ್ಕೆ ಸಾಕಾಗುತ್ತದೆ, ಅದೂ ದೀಪ, ಪಂಪು, ಫ್ಯಾನುಗಳನ್ನು ಬಿಟ್ಟು. ಈಚಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ. ಅದರ ಬಹುಪಾಲು ಶಕ್ತಿಯನ್ನು ಧಾರಾಳವಾಗಿ ಬಳಸಬಹುದು. ಆದರೆ ಹೆಪ್ಪುಗಟ್ಟುವ ಚಳಿಯಲ್ಲಿ, ಶೂನ್ಯ ಡಿಗ್ರಿಗಿಂತ ಕೆಳಗೆ, ಅದನ್ನು ಚಾರ್ಜ್ ಮಾಡಿದರೆ ಒಳಗೆ ಶಾಶ್ವತವಾದ ಹಾನಿಯಾಗುತ್ತದೆ. ಹಿಮದ ನಾಡಿನಿಂದ ಹೊರಟ ಹಕ್ಕಿಗಳಿಗೆ ಇದು ಸಣ್ಣ ಮಾತಲ್ಲ.

ಖರ್ಚಾದದ್ದನ್ನು ತುಂಬುವ ದಾರಿಗಳು ಮೂರು. ವಾಹನ ಓಡುವಾಗ ಎಂಜಿನ್ನಿಗೆ ಜೋಡಿಸಿದ ಆಲ್ಟರ್ನೇಟರ್ ವಿದ್ಯುತ್ ಕೊಡುತ್ತದೆ. ಇದನ್ನು ಅನೇಕರು ಪುಕ್ಕಟೆ ಎಂದು ಭಾವಿಸುತ್ತಾರೆ. ವಾಸ್ತವದಲ್ಲಿ ಡೀಸೆಲಿನ ಶಕ್ತಿಯಲ್ಲಿ ಎಂಜಿನ್ ದಾಟಿ, ಬೆಲ್ಟ್ ದಾಟಿ, ಆಲ್ಟರ್ನೇಟರ್ ದಾಟಿ ತಂತಿಗೆ ಬಂದು ಸೇರುವುದು ಸುಮಾರು ಆರನೆಯ ಒಂದು ಪಾಲು. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿಯಿದೆ. ಅದರಿಂದ ದಕ್ಕುವ ವಿದ್ಯುತ್ ಒಂದೂವರೆ ಯೂನಿಟ್ಟಿನ ಆಸುಪಾಸು. ಹೀಗೆ ತಂಗಳುಪೆಟ್ಟಿಗೆಯೊಂದೇ ದಿನಕ್ಕೆ ಒಂದೂವರೆ ಲೀಟರಿಗೂ ಹೆಚ್ಚು ಡೀಸೆಲ್ ಕುಡಿಯುತ್ತದೆ. ಎರಡನೆಯ ದಾರಿ ಜನರೇಟರ್. ಅದರ ಸದ್ದು, ಹೊಗೆಗಳ ದೆಸೆಯಿಂದ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಶಿಬಿರತಾಣಗಳಲ್ಲಿ ಅದನ್ನು ನಡೆಸಲು ದಿನದ ಇಂತಿಷ್ಟೇ ಗಂಟೆಗಳೆಂದು ಕಟ್ಟುಪಾಡು ಇರುತ್ತದೆ. ಮೂರನೆಯದು ಸೂರ್ಯ. ಚಾವಣಿಯ ಮೇಲೆ ಮಟ್ಟಸವಾಗಿ ಮಲಗಿದ 100 ವ್ಯಾಟ್ ಫಲಕವೊಂದು ಒಳ್ಳೆಯ ಬಿಸಿಲಿನ ಚಳಿಗಾಲದ ದಿನ ಮೂರೂವರೆ ನೂರು ವ್ಯಾಟ್-ಗಂಟೆ ಕೊಟ್ಟರೆ ಅದೇ ಹೆಚ್ಚು. ತುಂಬುವಾಗಿನ ನಷ್ಟವನ್ನೂ ಸೇರಿಸಿದರೆ ಈ ಒಂದು ಫ್ರಿಜ್ಜಿಗಾಗಿಯೇ 800 ವ್ಯಾಟಿನಷ್ಟು ಫಲಕ ಬೇಕು. ಬಸ್ಸಿನ ಚಾವಣಿಯ ಗಣನೀಯ ಭಾಗ ಒಂದು ಪೆಟ್ಟಿಗೆಯ ಊಟಕ್ಕೆ ಮೀಸಲು!

ಮನೆಯ ಮೂಲೆಯಲ್ಲಿ ಅಲುಗದೆ ನಿಲ್ಲಲೆಂದು ಮಾಡಿದ ವಸ್ತುವಿಗೆ ರಸ್ತೆಯ ಕುಲುಕಾಟ ಬೇರೆ. ತಿರುವಿನಲ್ಲಿ ಬಾಗಿಲು ತೆರೆದು ಸಾಮಾನೆಲ್ಲ ನೆಲಕ್ಕೆ ಸುರಿಯದಂತೆ ಚಿಲಕ ಹಾಕಬೇಕು. ಪೆಟ್ಟಿಗೆಯನ್ನು ನೆಲಕ್ಕೂ ಗೋಡೆಗೂ ಬಿಗಿಯಬೇಕು. ಹಿಂಬದಿಯ ಶಾಖ ಹೊರಹೋಗಲು ಜಾಗ ಬಿಡಬೇಕು. ಗಾಳಿಯಾಡದ ಗೂಡಿನಲ್ಲಿ ಸಿಕ್ಕಿಸಿದರೆ ಅದೇ ಫ್ರಿಜ್ ಹೆಚ್ಚು ಹೊತ್ತು ಓಡಿ ಹೆಚ್ಚು ವಿದ್ಯುತ್ ತಿನ್ನುತ್ತದೆ. 12 ವೋಲ್ಟಿನ ತಂತಿಯಲ್ಲಿ 1200 ವ್ಯಾಟ್ ಹರಿಯಬೇಕಾದರೆ 100 ಆಂಪಿಯರ್ ಬೇಕು. ತೆಳು ತಂತಿ ಹಾಕಿದರೆ ಅದು ಕಾದು ಬೆಂಕಿಗೆ ಮೂಲವಾಗುತ್ತದೆ. ಹಾಗಾಗಿ ಹೆಬ್ಬೆರಳು ದಪ್ಪದ ತಂತಿ, ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್. ಅಗ್ಗದ ಇನ್ವರ್ಟರಿನ ಒರಟು ಅಲೆಯ ವಿದ್ಯುತ್ತಿನಲ್ಲಿ ಕಂಪ್ರೆಸರ್ ಗುಂಯ್‌ಗುಟ್ಟುತ್ತ ಕಾಯುತ್ತದೆ, ಎಲೆಕ್ಟ್ರಾನಿಕ್ ಫಲಕ ಕೆಡುತ್ತದೆ. ಆದ್ದರಿಂದ ನಯವಾದ ಸೈನ್ ಅಲೆಯ ದುಬಾರಿ ಇನ್ವರ್ಟರ್. ಅಗ್ಗವೆಂದು ತಂದ ಫ್ರಿಜ್ಜಿನ ಹಿಂದೆ ಅದರ ಬೆಲೆಯನ್ನೂ ಮೀರಿದ ಪರಿವಾರವೊಂದು ಮನೆ ಸೇರುತ್ತದೆ.

ಇದೇ ಮಾರುಕಟ್ಟೆಯಲ್ಲಿ ಇನ್ನೊಂದು ವಸ್ತುವೂ ಇದೆ. 12 ವೋಲ್ಟಿನಲ್ಲಿ ನೇರವಾಗಿ ನಡೆಯುವ, ದಪ್ಪ ಹೊದಿಕೆಯ, 100 ಲೀಟರಿನ ಆಸುಪಾಸಿನ ಕಂಪ್ರೆಸರ್ ಫ್ರಿಜ್. ಅದಕ್ಕೆ ಇನ್ವರ್ಟರ್ ಬೇಡ. ದಿನಕ್ಕೆ ಬೇಕಾಗುವುದು ಅರ್ಧ ಯೂನಿಟ್ಟಿನ ಆಸುಪಾಸು, ಅಂದರೆ ದೊಡ್ಡಣ್ಣನ ಖರ್ಚಿನ ಐದನೆಯ ಒಂದು ಪಾಲು. ಒಂದು ಸಾಧಾರಣ ಬ್ಯಾಟರಿ, ಎರಡು ಫಲಕಗಳಲ್ಲಿ ಅದರ ಬದುಕು ನಡೆದುಹೋಗುತ್ತದೆ. ಇಬ್ಬರು ವೃದ್ಧರ ಪ್ರಯಾಣಕ್ಕೆ 500 ಲೀಟರ್ ತಂಪು ಏಕೆ ಬೇಕು ಎಂಬ ಪ್ರಶ್ನೆಯನ್ನು ಕೇಳಿದವರು ಈ ಸಣ್ಣ ಪೆಟ್ಟಿಗೆಯನ್ನು ಆರಿಸುತ್ತಾರೆ. ಕೇಳದವರು ಬ್ಯಾಟರಿಯ ಮೇಲೆ ಬ್ಯಾಟರಿ, ಫಲಕದ ಮೇಲೆ ಫಲಕ ಏರಿಸುತ್ತ ಹೋಗುತ್ತಾರೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ತಿರುಗಿಸಿ, ಕಾಲು ಚಾಚಿದಷ್ಟೂ ಹಾಸಿಗೆ ಹೊಲಿಯುವ ಕ್ರಮ ಅದು.

ಹಾಗೆಂದು ಆ ಪ್ರಯಾಣಿಕರನ್ನು ನಕ್ಕು ಬಿಟ್ಟುಬಿಡುವುದು ನ್ಯಾಯವಲ್ಲ. ಅರಿಝೋನಾದ ಕ್ವಾರ್ಟ್ಸ್‌ಸೈಟ್ ಬಳಿಯ ಲಾ ಪೋಸಾ ಬಯಲಿನಲ್ಲಿ ಸರ್ಕಾರಿ ಭೂಮಿಯ ಮೇಲೆ ತಿಂಗಳುಗಟ್ಟಲೆ ತಂಗಲು 1983ರಿಂದಲೂ ಅವಕಾಶವಿದೆ. ಸೆಪ್ಟೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಸಾವಿರಾರು ವಾಹನಗಳು ಆ ಮರುಭೂಮಿಯಲ್ಲಿ ಬೀಡುಬಿಡುತ್ತವೆ. ವಾಹನದ ಪಕ್ಕದಲ್ಲಿ ತಂತಿಯಿಲ್ಲ, ಮೀಟರಿಲ್ಲ. ಅಲ್ಲಿ ಕೆಲವು ವಾರ ಬದುಕಿದವರಿಗೆ ತಮ್ಮ ಮನೆಯ ಪ್ರತಿಯೊಂದು ವಸ್ತುವೂ ಎಷ್ಟು ತಿನ್ನುತ್ತದೆ ಎಂಬುದು ಬಾಯಿಪಾಠವಾಗಿರುತ್ತದೆ. ಅವರು ಬೆಳಿಗ್ಗೆ ಎದ್ದು ಬ್ಯಾಟರಿಯ ಮಟ್ಟ ನೋಡುತ್ತಾರೆ. ಬಿಸಿಲೇರಿದಾಗ ನೀರಿನ ಬಾಟಲಿಗಳನ್ನು ತಂಪಿಗಿಟ್ಟು, ಸಂಜೆಯ ಬಳಿಕ ಬಾಗಿಲು ತೆರೆಯುವುದನ್ನು ಕಡಿಮೆ ಮಾಡುತ್ತಾರೆ. ಕೆಲವೇ ಗಂಟೆಗಳ ಪ್ರಯಾಣವಾದರೆ ಫ್ರಿಜ್ಜನ್ನು ಆರಿಸಿಯೇ ಹೊರಡುವವರಿದ್ದಾರೆ. ಬಾಗಿಲು ತೆರೆಯದಿದ್ದರೆ ಸುಮಾರು 4 ಗಂಟೆಗಳ ಕಾಲ ಆಹಾರ ಸುರಕ್ಷಿತ ಎಂಬುದು ಅಲ್ಲಿನ ಆಹಾರ ಸುರಕ್ಷತಾ ಇಲಾಖೆಗಳ ಸಲಹೆ. ತುಂಬಿದ ಫ್ರೀಜರ್ ಮುಚ್ಚಿದ ಬಾಗಿಲಿನೊಳಗೆ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಾಳುತ್ತದೆ. ತಂತಿಯ ಮನೆಯಲ್ಲಿ ಅರಿಯದೆ ಕಳೆದ ಬದುಕನ್ನು ತಂತಿಯಿಲ್ಲದ ಮನೆಯಲ್ಲಿ ಎಣಿಸಿ ಬದುಕುವ ಈ ಶಿಕ್ಷಣ ಸಣ್ಣದೇನಲ್ಲ.

ಆ ಶಿಕ್ಷಣದ ಒಂದು ಪಾಠ ವಿಶೇಷವಾಗಿ ಗಮನಾರ್ಹ. ವಿದ್ಯುತ್ತನ್ನು ಕೂಡಿಡುವುದಕ್ಕಿಂತ ತಂಪನ್ನು ಕೂಡಿಡುವುದು ಸುಲಭ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್, ಅಂದರೆ ಸುಮಾರು 93 ವ್ಯಾಟ್-ಗಂಟೆಯಷ್ಟು ಶಾಖವನ್ನು ಹೀರುತ್ತದೆ. 5 ಕಿಲೋ ಮಂಜುಗಡ್ಡೆ 460 ವ್ಯಾಟ್-ಗಂಟೆಗೂ ಹೆಚ್ಚು ಶಾಖವನ್ನು ನುಂಗಬಲ್ಲದು. ಸಣ್ಣ ಫ್ರಿಜ್ಜೊಂದನ್ನು ಒಂದು ರಾತ್ರಿ ದಾಟಿಸಲು ಇಷ್ಟು ಸಾಕು. ಅಷ್ಟೇ ತೂಕದ ಸೀಸದ ಬ್ಯಾಟರಿಯಿಂದ ನಿರಾತಂಕವಾಗಿ ತೆಗೆಯಬಹುದಾದದ್ದು ಸುಮಾರು 120 ವ್ಯಾಟ್-ಗಂಟೆ ಮಾತ್ರ. ಬ್ಯಾಟರಿಗೆ ಸಾವಿರಾರು ರೂಪಾಯಿ ಬೆಲೆ, ಕೆಲವೇ ವರ್ಷಗಳ ಆಯುಸ್ಸು, ಕೊನೆಗೆ ಸೀಸ ಮತ್ತು ಆಮ್ಲದ ಕಸ. ನೀರಿಗೆ ಇದಾವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ, ಬ್ಯಾಟರಿಯಿಲ್ಲದೆ ನೇರ ಬಿಸಿಲಿನಿಂದ ನಡೆಯುವ ಲಸಿಕೆ ಫ್ರಿಜ್‌ಗಳು ನಿಂತಿರುವುದು ಇದೇ ತತ್ತ್ವದ ಮೇಲೆ. ಹಗಲು ಮಂಜುಗಡ್ಡೆ ಕಟ್ಟುತ್ತವೆ. ಇರುಳು ಅದೇ ಮಂಜುಗಡ್ಡೆ ಲಸಿಕೆಯನ್ನು ಕಾಯುತ್ತದೆ.

ಈಗ ಈ ಲೆಕ್ಕವನ್ನು ಘಟ್ಟದ ಮನೆಗೆ ತರಬಹುದು. ಒಂಟಿ ಬಾಗಿಲಿನ 190 ಲೀಟರಿನ ಫ್ರಿಜ್ ವರ್ಷಕ್ಕೆ 180 ಯೂನಿಟ್ ಬಳಸುತ್ತದೆ ಎಂದಾದರೆ ದಿನಕ್ಕೆ ಅರ್ಧ ಯೂನಿಟ್. ಮನೆಯ ಇನ್ವರ್ಟರಿನ ಮೂಲಕ ಹಾಯಿಸಿದಾಗ ಅದು 0.6 ಆಗುತ್ತದೆ. ಇನ್ವರ್ಟರ್ ಎಚ್ಚರವಾಗಿರಲು 15 ವ್ಯಾಟ್ ಎಂದರೆ 24 ಗಂಟೆಗೆ 0.36. ಒಟ್ಟು ಒಂದು ಯೂನಿಟ್ಟಿಗೆ ಹತ್ತಿರ. ಪೇಟೆಯ ಅಂಗಡಿಯವರು ಸಾಮಾನ್ಯವಾಗಿ ಕೊಡುವ 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿರುವುದು 1.8 ಯೂನಿಟ್, ಅದರ ಅರ್ಧ 0.9. ಅಂದರೆ ಹೊಸ ಬ್ಯಾಟರಿಯೂ ಒಂದು ಪೂರ್ಣ ದಿನವನ್ನು ದಾಟಿಸುವುದಿಲ್ಲ, ಮನೆಯ ದೀಪಗಳನ್ನೆಲ್ಲ ಆರಿಸಿಟ್ಟರೂ ಕೂಡ. ಮರ ಬಿದ್ದ ಎರಡನೆಯ ದಿನವೂ ಲೈನ್‌ಮನ್ ಬಾರದಿದ್ದರೆ ಫ್ರಿಜ್ಜಿನಲ್ಲಿ ಉಳಿಯುವುದು ಹುಳಿ ವಾಸನೆ. ಅಡಿಕೆ ಮಾರಿದ ಹಣದಲ್ಲಿ ಇನ್ವರ್ಟರ್ ಕೊಂಡ ಕುಟುಂಬಕ್ಕೆ ಈ ಲೆಕ್ಕವನ್ನು ಕೊಳ್ಳುವ ಮೊದಲೇ ಹೇಳುವವರು ಕಡಿಮೆ.

ಪರಿಹಾರಗಳೂ ಇದೇ ಲೆಕ್ಕದೊಳಗೇ ಇವೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು. ಫ್ರಿಜ್ ವರ್ಷಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆ? ಭಾರತದಲ್ಲಿ 2006ರಲ್ಲಿ ಆರಂಭವಾದ ನಕ್ಷತ್ರ ಚೀಟಿಯ ಮೇಲೆ ಈ ಅಂಕಿ ಅಚ್ಚಾಗಿರುತ್ತದೆ. ನಕ್ಷತ್ರಗಳಿಗಿಂತ ಮೊದಲು ಅದನ್ನು ಓದಬೇಕು. ಇನ್ವರ್ಟರ್ ಸ್ಕ್ವೇರ್ ವೇವ್ ಬಗೆಯದೋ ಸೈನ್ ವೇವ್ ಬಗೆಯದೋ? ಮೊದಲನೆಯದಾದರೆ ಫ್ರಿಜ್ಜನ್ನು ಅದಕ್ಕೆ ಜೋಡಿಸಬಾರದು. ಏನೂ ಕೆಲಸವಿಲ್ಲದಾಗ ಇನ್ವರ್ಟರ್ ಎಷ್ಟು ವ್ಯಾಟ್ ತಿನ್ನುತ್ತದೆ? ಈ ಮೂರನೆಯ ಪ್ರಶ್ನೆಗೆ ಅಂಗಡಿಯವರು ತಡಬಡಿಸಿದರೆ ತಯಾರಕರ ಕೈಪಿಡಿ ತೋರಿಸುವಂತೆ ಕೇಳುವ ಹಕ್ಕು ಗಿರಾಕಿಗಿದೆ. ಇನ್ನು ಮನೆಯಲ್ಲಿ ಮಾಡಬಹುದಾದ ಕೆಲಸ: ಮಳೆಗಾಲಕ್ಕೆ ಮೊದಲೇ ಫ್ರೀಜರಿನಲ್ಲಿ ನಾಲ್ಕೈದು ಲೀಟರ್ ನೀರನ್ನು ಡಬ್ಬಿಗಳಲ್ಲಿ ಗಡ್ಡೆಕಟ್ಟಿಸಿ ಇಡುವುದು, ಕರೆಂಟು ಹೋದಾಗ ಇನ್ವರ್ಟರಿನಿಂದ ಫ್ರಿಜ್ಜನ್ನು ಹಗಲು ಕೆಲವು ಗಂಟೆ ಮಾತ್ರ ನಡೆಸಿ ರಾತ್ರಿ ಬಾಗಿಲು ಮುಚ್ಚಿಬಿಡುವುದು. ಇನ್ಸುಲಿನ್ ಇರುವ ಮನೆಯವರು ಒಂದು ಎಚ್ಚರ ವಹಿಸಬೇಕು. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಆದರೆ ಅದು ಹೆಪ್ಪುಗಟ್ಟಿದರೆ ಕೆಟ್ಟಿತೆಂದೇ ಅರ್ಥ. ಮಂಜುಗಡ್ಡೆಗೆ ತಾಗಿಸಿ ಇಡಕೂಡದು. ಬಳಕೆಯಲ್ಲಿರುವ ಬಾಟಲಿಯನ್ನು ತಂಪಾದ ಕೋಣೆಯಲ್ಲಿ ಎಷ್ಟು ದಿನ ಇಡಬಹುದು ಎಂಬುದನ್ನು ಅದರ ಚೀಟಿಯಲ್ಲಿ ಓದಿಕೊಂಡಿದ್ದರೆ ಕರೆಂಟು ಹೋದ ದಿನ ಗಾಬರಿಯಾಗುವುದಿಲ್ಲ.

ಮೋಟರ್‌ಹೋಮ್‌ಗೆ ಇಲ್ಲದ ಒಂದು ಭಾಗ್ಯ ಘಟ್ಟದ ಮನೆಗಿದೆ: ಅದು ಮನೆಯ ಹಿಂದಿನ ಹಳ್ಳ. ಬಿಸಿಲು ಕಾಣದ ಜುಲೈ ತಿಂಗಳಲ್ಲಿ ಸೌರಫಲಕ ಸೋತು ಕೂರುವಾಗಲೇ ಹಳ್ಳ ಮೈದುಂಬಿ ಹರಿಯುತ್ತದೆ. ಹಳ್ಳಕ್ಕೆ ಅಣೆಕಟ್ಟು ಕಟ್ಟದೆ, ಪೈಪಿನಲ್ಲಿ ಒಂದಿಷ್ಟು ನೀರನ್ನು ಇಳಿಸಿ ಸಣ್ಣ ಚಕ್ರ ತಿರುಗಿಸಿ ಮತ್ತೆ ಹಳ್ಳಕ್ಕೇ ಬಿಡುವ ಕಿರು ಜಲವಿದ್ಯುತ್ ಘಟಕಗಳು ಪಶ್ಚಿಮ ಘಟ್ಟದ ಎಷ್ಟೋ ಒಂಟಿ ಮನೆಗಳಿಗೆ ಹೊಸತಲ್ಲ. ಅಂತಹ ಘಟಕ ಕೇವಲ 200 ವ್ಯಾಟ್ ಕೊಟ್ಟರೂ ಹಗಲಿರುಳು ಸೇರಿ ದಿನಕ್ಕೆ 4.8 ಯೂನಿಟ್. ಇದು ಮೋಟರ್‌ಹೋಮಿನ ಚಾವಣಿ ತುಂಬಿದ 800 ವ್ಯಾಟ್ ಫಲಕಗಳು ಕೊಡುವುದಕ್ಕಿಂತ ಹೆಚ್ಚು. ಬೇಸಿಗೆಯಲ್ಲಿ ಹಳ್ಳ ಸೊರಗಿದಾಗ ಬಿಸಿಲು ಇದ್ದೇ ಇರುತ್ತದೆ. ಒಂದು ಬಳಲಿದಾಗ ಇನ್ನೊಂದು ಕೈಹಿಡಿಯುವ ಈ ಜೋಡಿಯನ್ನು ಪ್ರಕೃತಿಯೇ ಕೊಟ್ಟಿದೆ. ಆದರೆ ಕಾಡು ಉಳಿದರೆ ಮಾತ್ರ ಹಳ್ಳ. ಹಳ್ಳದ ತಲೆಯಲ್ಲಿ ಮರ ಕಡಿದ ಊರಿನಲ್ಲಿ ಜನವರಿಗೇ ಚಕ್ರ ನಿಲ್ಲುತ್ತದೆ.

ಫ್ರಿಜ್ಜಿನೊಳಗೆ ಏನಿರಬೇಕು ಎಂಬುದೂ ಲೆಕ್ಕದ ಭಾಗವೇ. ಮಾವಿನಮಿಡಿಯ ಉಪ್ಪಿನಕಾಯಿ, ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆ, ಹಪ್ಪಳ, ಸಂಡಿಗೆ, ಒಣಮೀನುಗಳನ್ನು ಬಲ್ಲ ನಾಡಿಗೆ 500 ಲೀಟರಿನ ತಂಪಿನ ಅಗತ್ಯ ಬೀಳುವುದಿಲ್ಲ. ಹಾಲು, ಔಷಧಿ, ದನಕರುಗಳ ಲಸಿಕೆಗಳಿಗೆ ಮಾತ್ರ ತಂಪು ನಿಜವಾಗಿಯೂ ಬೇಕು. ಅದರಲ್ಲಿಯೂ ಲಸಿಕೆಯಂತಹವನ್ನು ಮನೆಮನೆಯ ಪೆಟ್ಟಿಗೆಗೆ ಒಪ್ಪಿಸದೆ, ಹಳ್ಳ ಮತ್ತು ಬಿಸಿಲು ಎರಡರಿಂದಲೂ ನಡೆಯುವ ಒಂದು ಒಳ್ಳೆಯ ಫ್ರಿಜ್ಜನ್ನು ಹಾಲಿನ ಡೇರಿಯಲ್ಲಿಯೋ ಆರೋಗ್ಯ ಉಪಕೇಂದ್ರದಲ್ಲಿಯೋ ಊರಿಗೆಲ್ಲ ಸೇರಿ ಇಟ್ಟುಕೊಳ್ಳುವುದು ಜಾಣತನ. ಪೆಟ್ಟಿಗೆಯೊಳಗೆ ಸುತ್ತುವ ಅನಿಲದ ಆಯ್ಕೆಯೂ ಮುಖ್ಯ. 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಓಝೋನ್ ಪದರವನ್ನು ಕೊರೆಯುವ ಅನಿಲಗಳು ಹಿಂದೆ ಸರಿದವು. ಅವುಗಳ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ಸಾಧು. ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲ. ಅಂತಹ ಅನಿಲಗಳನ್ನು ಕಡಿತಗೊಳಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ಹೊಸ ಫ್ರಿಜ್ ಕೊಳ್ಳುವವರು ಹಿಂಬದಿಯ ಚೀಟಿಯಲ್ಲಿ ಆರ್-600ಎ ಎಂದಿದೆಯೇ ಎಂದು ನೋಡಿಕೊಂಡರೆ, ಇಷ್ಟು ದೊಡ್ಡ ಕೆಡುಕನ್ನು ಮನೆಗೆ ತರುವುದು ತಪ್ಪುತ್ತದೆ. ಆರ್-600ಎ ಹೊತ್ತಿಕೊಳ್ಳುವ ಗುಣದ್ದು. ಅದರ ದುರಸ್ತಿ ತಿಳಿದವರ ಕೈಯಲ್ಲಿಯೇ ಆಗಬೇಕು.

ಕೊನೆಯ ಮಾತು ಯಾರ ಲೆಕ್ಕ ಯಾರ ಹೆಗಲ ಮೇಲೆ ಎಂಬುದರ ಬಗ್ಗೆ. ಮೋಟರ್‌ಹೋಮಿನಲ್ಲಿ ಫ್ರಿಜ್ಜಿನ ಪೂರ್ತಿ ಭಾರವನ್ನು ಹೊರುವುದು ಅದರ ಒಡೆಯನೇ. ಬ್ಯಾಟರಿಯ ಕ್ವಿಂಟಲ್ ಭಾರ ಅವನ ಚಕ್ರದ ಮೇಲೆ, ಡೀಸೆಲಿನ ವೆಚ್ಚ ಅವನ ಜೇಬಿನ ಮೇಲೆ. ಆದ್ದರಿಂದಲೇ ಅವನು ಎಣಿಸಲು ಕಲಿಯುತ್ತಾನೆ. ಮಹಾನಗರದ ಫ್ರಿಜ್ಜಿನ ಭಾರ ಅದರ ಒಡೆಯನಿಗೆ ಕಾಣುವುದಿಲ್ಲ. ತಂತಿಯ ಇನ್ನೊಂದು ತುದಿಯಲ್ಲಿ ಶರಾವತಿ, ಕಾಳಿ, ವಾರಾಹಿ ಕಣಿವೆಗಳು ಅದನ್ನು ಹೊತ್ತಿವೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮುಳುಗಿದ ಊರುಗಳ ಜನ ನಾಡಿಗೆ ಬೆಳಕು ಕೊಟ್ಟರು. ಅದೇ ಹಿನ್ನೀರಿನ ಅಂಚಿನ ಹಲವು ಹಳ್ಳಿಗಳು ದಶಕಗಳ ಕಾಲ ಬುಡ್ಡಿದೀಪದಲ್ಲಿಯೇ ಉಳಿದವು. ಎಣಿಸದೆ ಖರ್ಚಾಗುವ ಪ್ರತಿಯೊಂದು ಯೂನಿಟ್ಟೂ ಇನ್ನೊಂದು ಕಣಿವೆಯ ಕಡೆಗೆ ಕೈ ತೋರಿಸುತ್ತದೆ. ವಿದ್ಯುತ್ ಸಾಲದು ಎಂಬ ಕೂಗಿನೊಂದಿಗೆ ಹೊಸ ಯೋಜನೆಗಳು ಘಟ್ಟ ಹತ್ತಿ ಬರುವಾಗ, ಎಷ್ಟು ಬೇಕು ಮತ್ತು ಯಾವುದಕ್ಕೆ ಎಂದು ಕೇಳುವ ನೈತಿಕ ಬಲ, ತಮ್ಮ ಮನೆಯ ಲೆಕ್ಕವನ್ನು ಎಣಿಸಿಟ್ಟುಕೊಂಡವರಿಗೆ ಇರುತ್ತದೆ.

ಆದ್ದರಿಂದ ಈ ಮಳೆಗಾಲಕ್ಕೆ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ. ಒಂದು ಹಳೆಯ ನೋಟ್‌ಬುಕ್ ಸಾಕು. ಪ್ರತಿದಿನ ಒಂದೇ ಹೊತ್ತಿಗೆ ಮನೆಯ ಮೀಟರಿನ ಅಂಕಿಯನ್ನು ಬರೆದಿಡಬೇಕು. ಫ್ರಿಜ್ಜಿಗೆ ಆತಂಕವಿಲ್ಲದ ಒಂದು ದಿನ ಅದನ್ನು ಮೂರು ಗಂಟೆ ಆರಿಸಿ, ಬಾಗಿಲು ತೆರೆಯದೆ, ಅಂಕಿ ಎಷ್ಟು ನಿಧಾನವಾಯಿತೆಂದು ನೋಡಬೇಕು. ಹಿಂಬದಿಯ ಜಾಲರಿಯ ಧೂಳು ಒರೆಸಿ, ಗೋಡೆಯಿಂದ ಒಂದು ಗೇಣು ಸರಿಸಿ, ಬಾಗಿಲಿನ ರಬ್ಬರು ಬಿಗಿಯಾಗಿದೆಯೇ ಎಂದು ಕಾಗದದ ಚೂರು ಸಿಕ್ಕಿಸಿ ಪರೀಕ್ಷಿಸಿ, ಮರುವಾರದ ಅಂಕಿಯನ್ನು ಹೋಲಿಸಬೇಕು. ಹತ್ತು ಮನೆಗಳ ಇಂತಹ ನೋಟ್‌ಬುಕ್‌ಗಳು ಒಂದೆಡೆ ಸೇರಿದರೆ ಊರಿಗೆ ಎಷ್ಟು ದೊಡ್ಡ ಚಕ್ರವನ್ನು ಹಳ್ಳದಲ್ಲಿ ಕೂರಿಸಬೇಕು, ಎಷ್ಟು ಫಲಕ ಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆ ಉತ್ತರ ಪೇಟೆಯ ಅಂಗಡಿಯಿಂದ ಬರಬೇಕಾಗಿಲ್ಲ. ಊರಿನ ಮಕ್ಕಳ ಕೈಬರಹದಲ್ಲಿಯೇ ಇರುತ್ತದೆ.